ಕೊಳಲು ನಂಬಿ ಬದುಕಬಹುದಾ ಅಂತ ಕೇಳಿದ್ದೀರಲ್ಲ

ಮಗ ಪ್ಲಸ್ ಟು, ಎಂಟು ತೂತಿನ ಕೊಳಲು ಕಲಿಯುತ್ತಿದ್ದಾನೆ, ಇನ್ನು ಅದೇ ನನ್ನ ಕೆಲಸ ಅಂತ ಹಟ ಹಿಡಿದಿದ್ದಾನೆ, ಬಿಡಲಾ ಅಂತ ಕೇಳಿದ್ದೀರಿ. ಬಿಡಿ ಮಾರಾಯ್ರೇ. ಆದರೆ ಬರೀ ಸಂಗೀತ ಕಚೇರಿ ನಂಬಿ ಅಲ್ಲ.

ನಾನೂ ಇಲ್ಲೇ ಬದಿಯಡ್ಕದ ಹತ್ತಿರದವನು. ನಮ್ಮ ಕಾಸರಗೋಡಲ್ಲಿ ನವರಾತ್ರಿ, ಜಾತ್ರೆ ಮುಗಿದರೆ ಕಚೇರಿ ಕಮ್ಮಿ. ಮಳೆಗಾಲದಲ್ಲಿ ನನಗೆ ಅನ್ನ ಹಾಕುವುದು ಕೊಳಲು ಪಾಠ. ಶಾಲಾ ಕಲೋತ್ಸವ (ಕೇರಳದ ಶಾಲಾ ಮಕ್ಕಳ ಕಲಾ ಸ್ಪರ್ಧೆ) ಹತ್ತಿರ ಬಂದಾಗ ಕಲಿಯುವ ಮಕ್ಕಳೂ ಜಾಸ್ತಿ, ಭರತನಾಟ್ಯಕ್ಕೆ ನುಡಿಸಲು ಕರೆಯೂ ಜಾಸ್ತಿ. ಒಬ್ಬೊಬ್ಬ ಹಾಡುಗಾರರದ್ದು ಒಂದೊಂದು ಶ್ರುತಿ, ಕೊಳಲಿನ ಶ್ರುತಿಯನ್ನು ಬದಲಿಸಲು ಆಗುವುದಿಲ್ಲ, ಹಾಗಾಗಿ ಒಂದು ಕೊಳಲು ಸಾಲದು, ಚೀಲ ತುಂಬಾ ಬೇಕು (ಆ ಖರ್ಚನ್ನು ಯಾರೂ ಮೊದಲೇ ಹೇಳುವುದಿಲ್ಲ!). ಮಧ್ಯೆ ಯಾರದ್ದಾದರೂ ಭಕ್ತಿಗೀತೆಗೆ ರಾಗ ಹಾಕಿದರೆ ನಾಲ್ಕು ಕಾಸು.

ಇದರಲ್ಲಿ ನಾಚಿಕೆ ಏನಿಲ್ಲ. ಹೆಸರಾಂತ ಬಾನ್ಸುರಿ (ಹಿಂದೂಸ್ತಾನಿ ಕೊಳಲು) ವಾದಕ ಹರಿಪ್ರಸಾದ್ ಚೌರಾಸಿಯಾ 1957ರಲ್ಲಿ ಕಟಕ್ ಆಕಾಶವಾಣಿಗೆ ಸೇರಿ ಸಂಬಳಕ್ಕೆ ನುಡಿಸಿದವರೇ. ಆಮೇಲೆ ಸಂತೂರ್ ವಾದಕ ಶಿವಕುಮಾರ ಶರ್ಮಾ ಜೊತೆ ಸಿನಿಮಾಗೂ ಸಂಗೀತ ಕೊಟ್ಟರು, ಗುರುಕುಲವನ್ನೂ ನಡೆಸಿದರು.

ಡಿಗ್ರಿ ಮಾಡಲಿ, ಜೊತೆಗೆ ಆಕಾಶವಾಣಿ ಆಡಿಷನ್‌ಗೆ ತಯಾರಾಗಲಿ. ಅಂದಹಾಗೆ ಅವನಿಗೆ ಸ್ವರ ಬರೆದುಕೊಳ್ಳಲು ಬರುತ್ತದಾ? ಇಲ್ಲದಿದ್ದರೆ ಈಗಲೇ ಕಲಿಸಿ, ರೆಕಾರ್ಡಿಂಗಿನಲ್ಲಿ ಒಮ್ಮೆ ಹಾಡಿ ತೋರಿಸಿ ನುಡಿಸು ಅಂತಾರೆ.