ದಾರಿ ಕೇಳಲು ಜನರಿಲ್ಲದ ಊರಿನಲ್ಲಿ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ಗೆ ಬಂದು ಮೂರು ವಾರವಾಯಿತು, ಕಣ್ಣು ಕಾಣದ ನಾನು ಇಲ್ಲಿ ಒಬ್ಬಳೇ ಇರಬಲ್ಲೆನೇ, ಓದು ಮುಗಿದ ಮೇಲೆ ಡಿಜಿಟಲ್ ನಕ್ಷೆಗಳ ಕೆಲಸಕ್ಕೆ ಸೇರಿದರೆ ನನ್ನಂಥವರು ಅದರಲ್ಲಿ ಮುಂದೆ ಬರಲು ಸಾಧ್ಯವೇ ಎಂದು ನೀವು ಕೇಳಿದ್ದೀರಿ. ನನಗೂ ಹುಟ್ಟಿನಿಂದ ದೃಷ್ಟಿಯಿಲ್ಲ, ಇದೇ ಕೆಲಸದಲ್ಲಿ ಇಲ್ಲಿ ಹದಿನಾರು ವರ್ಷ ಕಳೆದಿದ್ದೇನೆ. ಇಲ್ಲಿ ಒಬ್ಬರೇ ಬದುಕುವುದಕ್ಕೂ ಈ ವೃತ್ತಿಗೂ ನಂಟಿರುವುದರಿಂದ ಎರಡಕ್ಕೂ ಒಟ್ಟಿಗೇ ಉತ್ತರಿಸುತ್ತೇನೆ. ಮೇಡಂ ಎನ್ನುವುದು ಬೇಡ, ಅಕ್ಕ ಎಂದರೆ ಸಾಕು.

ಊರಿನಲ್ಲಿದ್ದಾಗ ನಮಗೆ ನಕ್ಷೆಯ ಅಗತ್ಯವೇ ಬೀಳಲಿಲ್ಲ, ಏಕೆಂದರೆ ದಾರಿ ಜನರ ಬಾಯಲ್ಲಿತ್ತು. ಮೆಜೆಸ್ಟಿಕ್‌ನಲ್ಲಿ ಇಳಿದು ಮಲ್ಲೇಶ್ವರದ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ ಯಾರೋ ಒಬ್ಬರು ಕೈ ಹಿಡಿದು, ಯಾವ ಊರು, ಮದುವೆಯಾಗಿದೆಯೇ, ಕಣ್ಣು ಹೇಗೆ ಹೋಯಿತು ಎಂದೆಲ್ಲ ವಿಚಾರಿಸುತ್ತ, ಬೇಡವೆಂದರೂ ಬಸ್ಸು ಹತ್ತಿಸಿಯೇ ಬಿಡುತ್ತಿದ್ದರು. ಫ್ರೀಮಾಂಟ್‌ನ ವಸತಿ ಬೀದಿಯಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಅರ್ಧ ಗಂಟೆ ನಿಂತರೂ ಒಂದು ನರಪಿಳ್ಳೆ ಸಿಗುವುದಿಲ್ಲ. ಪಾದಚಾರಿ ಮಾರ್ಗ ಸಮತಟ್ಟಾಗಿರುತ್ತದೆ, ರಸ್ತೆ ದಾಟುವಲ್ಲಿ ಉಬ್ಬು ಚುಕ್ಕಿಗಳ ಹಾಸು ಕಾಲಿಗೆ ತಾಗುತ್ತದೆ, ಅನೇಕ ಸಿಗ್ನಲ್‌ಗಳ ಗುಂಡಿ ಟಿಕ್ ಟಿಕ್ ಎಂದು ಕರೆದು ದಾಟುವ ಹೊತ್ತಿಗೆ ಬೆರಳಡಿ ನಡುಗುತ್ತದೆ. ಇವೆಲ್ಲ ಸುಮ್ಮನೆ ಬಂದವಲ್ಲ. 1977ರಲ್ಲಿ ಇಲ್ಲೇ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಟ್ಟಡವೊಂದರಲ್ಲಿ ಅಂಗವಿಕಲರು ವಾರಗಟ್ಟಲೆ ಕದಲದೆ ಕುಳಿತಿದ್ದರು, 1990ರಲ್ಲಿ ಅಂಗವಿಕಲರ ಹಕ್ಕಿನ ದೊಡ್ಡ ಕಾನೂನು ಬಂತು. ಇಂಥ ಕಾನೂನುಗಳ ಬಲದಿಂದಲೇ ನಿಮ್ಮ ವಿಶ್ವವಿದ್ಯಾಲಯದಲ್ಲಿ ಅಂಗವಿಕಲ ವಿದ್ಯಾರ್ಥಿಗಳ ಕಚೇರಿಯಿದೆ. ವೈದ್ಯಕೀಯ ಪ್ರಮಾಣಪತ್ರ ಹಿಡಿದು ಈ ವಾರವೇ ಅಲ್ಲಿಗೆ ಹೋಗಿ. ಆದರೆ ನೀವು ಈಗ ಎಲ್ಲಿದ್ದೀರಿ, ಯಾವ ಕಡೆಗೆ ಮುಖ ಮಾಡಿದ್ದೀರಿ ಎಂಬುದನ್ನು ಯಾವ ಕಾನೂನೂ ಹೇಳಿಕೊಡುವುದಿಲ್ಲ, ಅದನ್ನು ನೀವೇ ತಲೆಯಲ್ಲಿ ಇಟ್ಟುಕೊಂಡು ನಡೆಯಬೇಕು.

ನನ್ನ ಕಚೇರಿ ಸ್ಯಾನ್ ಫ್ರಾನ್ಸಿಸ್ಕೊದ ಸಿವಿಕ್ ಸೆಂಟರ್ ನಿಲ್ದಾಣದ ಬಳಿಯಿತ್ತು. ಹೈಡ್ ಬೀದಿಯಲ್ಲಿ ದಕ್ಷಿಣಕ್ಕೆ ನೇರ ಬಂದು ಮಾರ್ಕೆಟ್ ಬೀದಿ ದಾಟಿ ಎಂಟನೆಯ ಬೀದಿ ಹಿಡಿಯುವಾಗ ನನ್ನ ಕೋಲು ದಿನವೂ ಗೋಡೆಗೋ ಕಂಬಕ್ಕೋ ಬಡಿಯುತ್ತಿತ್ತು, ನನ್ನ ನಡಿಗೆಯೇ ಓರೆಯೆಂದು ವರ್ಷಗಟ್ಟಲೆ ನಂಬಿದ್ದೆ. ವಿಳಾಸ ಕೊಟ್ಟರೆ ಅದರ ಸುತ್ತಲಿನ ಬೀದಿಗಳನ್ನು ಉಬ್ಬುಗೆರೆಗಳಲ್ಲಿ, ಹೆಸರುಗಳನ್ನು ಬ್ರೈಲ್‌ನಲ್ಲಿ ಮೂಡಿಸಿಕೊಡುವ ಟೀಮ್ಯಾಪ್ ಎಂಬ ವ್ಯವಸ್ಥೆಯನ್ನು ಅಲ್ಲಿ ದೃಷ್ಟಿಯಿಲ್ಲದವರಿಗಾಗಿ ಇರುವ ಲೈಟ್‌ಹೌಸ್ ಸಂಸ್ಥೆಯಲ್ಲಿ ನಡೆಸುತ್ತಾರೆ. ಒಂದು ದಿನ ಅದರ ಹಾಳೆಯೊಂದನ್ನು ಮೇಜಿನ ಮೇಲಿಟ್ಟುಕೊಂಡು ಕುಳಿತೆ. ಮಾರ್ಕೆಟ್ ಬೀದಿ ಹಾಳೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಓರೆಯಾಗಿ ಹರಿದಿತ್ತು. ಅದರ ಉತ್ತರದ ಬೀದಿಗಳು ಅದಕ್ಕೆ ಓರೆಯಾಗಿ ಬಂದು ತಾಗುತ್ತಿದ್ದವು, ದಕ್ಷಿಣದವು ಅದಕ್ಕೆ ಲಂಬವಾಗಿ ಹೊರಡುತ್ತಿದ್ದವು, ಮನೆಸಾಲುಗಳೂ ಆ ಕಡೆ ಬಹಳ ಉದ್ದ. ಹೈಡ್‌ನಿಂದ ದಾಟುವಾಗ ಎಡಕ್ಕೆ ಅರೆತಿರುವು ತೆಗೆದುಕೊಳ್ಳಬೇಕೆಂಬುದು ಬೆರಳು ಮೂರು ಸಲ ಹೋಗಿ ಬರುವಷ್ಟರಲ್ಲಿ ತಿಳಿದುಹೋಯಿತು. ಓರೆಯಾಗಿದ್ದದ್ದು ನಗರ, ನಾನಲ್ಲ.

ಟೀಮ್ಯಾಪ್ ಅನ್ನು ರೂಪಿಸಿದ ಜೋಶುವಾ ಮೀಲಿ ಅವರಿಗೂ ದೃಷ್ಟಿಯಿಲ್ಲ. ಬರ್ಕ್ಲಿಯಲ್ಲಿ ಭೌತಶಾಸ್ತ್ರ ಓದಿ, ನಾವು ಶಬ್ದವನ್ನು ಗ್ರಹಿಸುವ ಬಗೆಯ ಮೇಲೆ ಡಾಕ್ಟರೇಟ್ ಪಡೆದ ಅವರಿಗೆ 2021ರಲ್ಲಿ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಗೂಗಲ್ ನಕ್ಷೆಗೆ 2019ರಲ್ಲಿ ಕಾಲ್ನಡಿಗೆಯವರಿಗಾಗಿ ವಿವರವಾದ ಧ್ವನಿ ಮಾರ್ಗದರ್ಶನ ಸೇರಿದಾಗಲೂ ಆ ಕೆಲಸದಲ್ಲಿ ಟೋಕಿಯೊ ಕಚೇರಿಯ ವಕಾನಾ ಸುಗಿಯಾಮಾ ಇದ್ದರು, ಅವರೂ ಕಾನೂನಿನ ಲೆಕ್ಕದಲ್ಲಿ ಅಂಧರು.

ಇನ್ನು ಕೆಲಸದ ಒಳಗನ್ನು ಹೇಳುತ್ತೇನೆ. ಪರದೆಯ ನಕ್ಷೆ ಹೆಚ್ಚಾಗಿ ಚಿತ್ರದ ತುಂಡುಗಳ ಜೋಡಣೆ, ಇಲ್ಲವೇ ಒಂದೇ ಕ್ಯಾನ್ವಾಸ್ ಮೇಲೆ ಬಿಡಿಸಿದ ಚಿತ್ರ. ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದರಲ್ಲಿ ಓದಲು ಅಕ್ಷರವೇ ಇರುವುದಿಲ್ಲ. ನನ್ನ ಮೊದಲ ಸಂಸ್ಥೆಯಲ್ಲಿ ಶಾಖೆಗಳನ್ನು ತೋರಿಸುವ ನಕ್ಷೆಯ ಮೇಲೆ ಟ್ಯಾಬ್ ಒತ್ತಿದಾಗಲೆಲ್ಲ "ಬಟನ್, ಬಟನ್, ಬಟನ್" ಎಂಬ ಪಠಣವಾಗುತ್ತಿತ್ತು. ಪಕ್ಕದಲ್ಲಿ ವಿಳಾಸಗಳ ಪಟ್ಟಿ ಕೊಟ್ಟು ಕೈ ತೊಳೆದುಕೊಳ್ಳೋಣ ಎಂದರು. ಪಟ್ಟಿಯಿಂದ ವಿಳಾಸ ಸಿಗುತ್ತದೆ ನಿಜ, ಆದರೆ ಯಾವುದು ಯಾವುದಕ್ಕೆ ಹತ್ತಿರ, ನಡುವೆ ಹೆದ್ದಾರಿ ಅಡ್ಡ ಬರುತ್ತದೆಯೇ ಎಂಬುದು ಸಿಗುವುದಿಲ್ಲ, ನಕ್ಷೆಯನ್ನು ತೆರೆಯುವುದೇ ಅದಕ್ಕಾಗಿ. ಆದ್ದರಿಂದ ನಾವು ಬಾಣದ ಕೀಲಿಗಳಿಂದ ನಕ್ಷೆಯೊಳಗೆ ಹೆಜ್ಜೆ ಹಾಕುವಂತೆ ಮಾಡಿದೆವು: ಎಡದಲ್ಲಿರುವುದು ಎಡಗಿವಿಗೆ ಕೇಳುತ್ತದೆ, ಅಡ್ಡರಸ್ತೆ ಬಂದರೆ ಹೆಸರು ಹೇಳುತ್ತದೆ, ನಿಂತು ಕೇಳಿದರೆ ದೂರ ಮತ್ತು ದಿಕ್ಕು ತಿಳಿಸುತ್ತದೆ. ಕಷ್ಟದ ಭಾಗ ಕೋಡ್ ಅಲ್ಲ, ಏನನ್ನು ಬಿಡಬೇಕು ಎಂಬ ತೀರ್ಮಾನ. ಕಣ್ಣು ನೂರು ಹೆಸರುಗಳನ್ನು ಒಟ್ಟಿಗೆ ಕಂಡು ತೊಂಬತ್ತೇಳನ್ನು ತಾನೇ ಕೈಬಿಡುತ್ತದೆ, ಕಿವಿಗೆ ಆ ಸೌಕರ್ಯವಿಲ್ಲ. ಇದರ ಜೊತೆಗೆ ದತ್ತಾಂಶದ ತೊಡಕೂ ಇದೆ. ಜನರೇ ಸೇರಿ ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಶಬ್ದ ಮಾಡುವ ಸಿಗ್ನಲ್, ತಗ್ಗಿಸಿದ ಪಾದಚಾರಿ ಅಂಚು, ಉಬ್ಬು ಹಾಸು ಎಲ್ಲವನ್ನೂ ಗುರುತಿಸಲು ಅವಕಾಶವಿದೆ, ಆದರೆ ಯಾರೂ ಗುರುತಿಸದ ಬೀದಿಯಲ್ಲಿ ಎಷ್ಟೇ ಚೆಂದದ ಧ್ವನಿಯೂ ಮೂಕವೇ.

ವೃತ್ತಿಯ ವಿಷಯದಲ್ಲಿ ಕಹಿಯನ್ನೂ ಹೇಳಬೇಕು. ನಿಮಗೆ ಮೊದಲು ಸಿಗುವ ಕೆಲಸ ಪರೀಕ್ಷಕರದ್ದು: ಎಲ್ಲ ಮುಗಿದ ಮೇಲೆ, ಬಿಡುಗಡೆಗೆ ವಾರವಿರುವಾಗ ಕರೆದು, ತಪ್ಪು ಹುಡುಕಿ ಎನ್ನುತ್ತಾರೆ. ನಾನು ಆರು ವರ್ಷ ಹಾಗೆಯೇ ಕಳೆದೆ, ನಾನು ಪಟ್ಟಿಮಾಡಿದ ತಪ್ಪುಗಳಲ್ಲಿ ಅರ್ಧದಷ್ಟು "ಮುಂದಿನ ಆವೃತ್ತಿಗೆ" ಹೋಗಿ ಅಲ್ಲೇ ಉಳಿದವು. ಗಂಟೆಗಿಷ್ಟು ಎಂಬ ಗುತ್ತಿಗೆಯ ಪರೀಕ್ಷಕ ಹುದ್ದೆಯಿಂದ ಎಚ್-1ಬಿ ವೀಸಾದ ದಾರಿಯೂ ಕಷ್ಟ, ಏಕೆಂದರೆ ನಿರ್ದಿಷ್ಟ ವಿಷಯದ ಪದವಿಯನ್ನು ಬೇಡುವ ಹುದ್ದೆಗೆ ಮಾತ್ರ ಅದು ಸಿಗುತ್ತದೆ. ಹಾಗಾಗಿ ಓದುವಾಗಲೇ ಜಾವಾಸ್ಕ್ರಿಪ್ಟ್ ಮತ್ತು ಭೂದತ್ತಾಂಶ ಎರಡನ್ನೂ ಗಟ್ಟಿಯಾಗಿ ಕಲಿಯಿರಿ, ವಿನ್ಯಾಸ ಅಥವಾ ಎಂಜಿನಿಯರಿಂಗ್ ಹುದ್ದೆಗೇ ಅರ್ಜಿ ಹಾಕಿ. ಒಂದೇ ಉತ್ಪನ್ನಕ್ಕೆ ಜೋತುಬೀಳಬೇಡಿ. ಸುತ್ತಲಿನ ಸ್ಥಳಗಳನ್ನು ದಿಕ್ಕುಳ್ಳ ಶಬ್ದದಲ್ಲಿ ಹೇಳುತ್ತಿದ್ದ ಸೌಂಡ್‌ಸ್ಕೇಪ್ ಅನ್ನು ನಮ್ಮಲ್ಲಿ ಅನೇಕರು ನೆಚ್ಚಿಕೊಂಡಿದ್ದರು, ಮೈಕ್ರೋಸಾಫ್ಟ್ 2023ರಲ್ಲಿ ಅದನ್ನು ನಿಲ್ಲಿಸಿತು. ಕೋಡನ್ನು ಮುಕ್ತವಾಗಿ ಕೊಟ್ಟದ್ದರಿಂದ ಅದನ್ನು ಇತರರು ಮುಂದುವರಿಸಲು ಸಾಧ್ಯವಾಯಿತು. ಆ ಕೋಡನ್ನು ಬಿಚ್ಚಿ ಓದುವುದು ನಿಮಗೆ ಒಳ್ಳೆಯ ಪಾಠವಾದೀತು.

ನಿಮ್ಮ ಮನೆಯ ವಿಳಾಸ ಕಳುಹಿಸಿ, ಉಬ್ಬು ನಕ್ಷೆ ಮಾಡಿಸಿ ಶನಿವಾರ ತರುತ್ತೇನೆ. ಮೊದಲು ನಿಮ್ಮ ಊಟದ ಮೇಜಿನ ಮೇಲೆ ಬೆರಳಲ್ಲಿ ನಿಲ್ದಾಣದ ತನಕ ಹೋಗಿಬರೋಣ. ಆಮೇಲೆ ಬೀದಿಯಲ್ಲಿ ನೀವು ಮುಂದೆ ನಡೆಯಿರಿ, ನಾನು ಹತ್ತು ಹೆಜ್ಜೆ ಹಿಂದೆ ಬರುತ್ತೇನೆ.