ಮಾಡಿದ್ದು ಸಾಕೇ? ರಕ್ಷಣೆ (ಪಾಪದಿಂದ ಬಿಡುಗಡೆ) ಸಿಗದೆಂಬ ಭಯಕ್ಕೆ ಸಿಕ್ಕ ಶುಶ್ರೂಷಕಿಯೊಬ್ಬರ ಪ್ರಕರಣ

ಸಲಹಾರ್ಥಿ ನಲವತ್ತೈದು ದಾಟಿದ ವಿವಾಹಿತೆ, ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿ. ಹುಟ್ಟಿದ್ದು ಕರಾವಳಿಯಿಂದ ಘಟ್ಟ ಹತ್ತಿ ಬಂದು ಅಡಿಕೆ ತೋಟಗಳ ಕೆಲಸದಲ್ಲಿ ನೆಲೆನಿಂತ ಕೊಂಕಣಿ ಮಾತಿನ ಕ್ಯಾಥೊಲಿಕ್ ಮನೆಯಲ್ಲಿ, ಮದುವೆಯಾದದ್ದು ಪ್ರೊಟೆಸ್ಟಂಟರ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗೆ ಸೇರಿದ ಶಾಲಾ ಶಿಕ್ಷಕರನ್ನು. ಭಾನುವಾರ ಆಕೆ ಪೂಜೆಗೆ, ಅವರು ಆರಾಧನೆಗೆ, ಮಧ್ಯಾಹ್ನ ಇಬ್ಬರೂ ಒಂದೇ ಊಟಕ್ಕೆ ಎಂಬಂತೆ ಸಂಸಾರ ಜಗಳವಿಲ್ಲದೆ ನಡೆದುಬಂದಿತ್ತು. ಇಬ್ಬರ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ಕರೆತಂದವರು ಪತಿ. ಪತ್ನಿ ಬಳೆ, ಕರಿಮಣಿ ತೆಗೆದಿಟ್ಟಿದ್ದಾರೆ, ಹೂ ಮುಡಿಯುವುದನ್ನು ಬಿಟ್ಟಿದ್ದಾರೆ, ವಾರಕ್ಕೆ ಮೂರು ದಿನ ರಾತ್ರಿ ಪಾಳಿಯಲ್ಲೂ ನೀರಿನ ಹೊರತು ಏನನ್ನೂ ಮುಟ್ಟುವುದಿಲ್ಲ, ಒಂದೇ ತಪ್ಪನ್ನು ಹೇಳಿಕೊಳ್ಳಲು ಮತ್ತೆ ಮತ್ತೆ ಪಾಪನಿವೇದನೆಗೆ ಓಡುತ್ತಾರೆ, ಸಂಬಳ ಬಂದ ವಾರದಲ್ಲೇ ಕೇಳಿದವರಿಗೆಲ್ಲ ಹಂಚಿಬಿಡುತ್ತಾರೆ ಎಂದು ಅವರು ಒಂದೇ ಉಸಿರಿನಲ್ಲಿ ಹೇಳಿದರು. ಮಗಳ ಕಾಲೇಜು ಶುಲ್ಕ ಕಟ್ಟುವ ಹೊತ್ತಿಗೆ ಖಾತೆಯಲ್ಲಿ ಹಣವಿರಲಿಲ್ಲ. "ಮೇಡಂ, ನಾನು ಬೈದಿಲ್ಲ. ಆದರೆ ಕರಿಮಣಿ ತೆಗೆದಿಟ್ಟಿದ್ದು ಮಾತ್ರ ನನಗೆ ತಡೆಯೋಕಾಗಲಿಲ್ಲ" ಎಂದರು. ಆಕೆ ತಲೆ ಎತ್ತಲಿಲ್ಲ.

ಪತಿಯನ್ನು ಹೊರಗೆ ಕೂರಿಸಿ ಮಾತಾಡಿದಾಗ ಮೂಲ ತಿಳಿಯಿತು. ಬೇಸಿಗೆಯ ಮೊದಲ ತಿಂಗಳುಗಳಲ್ಲಿ, ಮಂಗನ ಕಾಯಿಲೆಯ ಹಂಗಾಮಿನಲ್ಲಿ, ನಮ್ಮ ಕಡೆಯ ವಾರ್ಡುಗಳು ಜ್ವರದವರಿಂದ ತುಂಬಿರುತ್ತವೆ. ಅಂಥ ಒಂದು ರಾತ್ರಿ ತೋಟದ ಕೂಲಿಯ ವೃದ್ಧೆಯೊಬ್ಬರು ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರುವಂತೆ ಇವರ ಸೆರಗು ಹಿಡಿದು ಕೇಳಿದ್ದರು. "ಬರ್ತೀನಿ ಇರಿ ಅಜ್ಜಿ" ಎಂದು ಇವರು ಇನ್ನೊಂದು ಹಾಸಿಗೆಯ ಕಡೆ ಹೋದರು. ಬೆಳಗಾಗುವುದರೊಳಗೆ ವೃದ್ಧೆ ತೀರಿಕೊಂಡಿದ್ದರು. ಚಿಕಿತ್ಸೆಯಲ್ಲಿ ಲೋಪವಿರಲಿಲ್ಲ, ಯಾರೂ ಇವರನ್ನು ದೂರಲಿಲ್ಲ. ಕೆಲವೇ ದಿನಗಳಲ್ಲಿ ನೆರೆಮನೆಯವರು ಕರೆದರೆಂದು ಹೋದ ಪ್ರಾರ್ಥನಾ ಕೂಟವೊಂದರಲ್ಲಿ, ಈ ರಾತ್ರಿಯೇ ಸತ್ತರೆ ಎಲ್ಲಿಗೆ ಹೋಗುತ್ತೀರಿ ಎಂಬ ಪ್ರಶ್ನೆ ಬಂತು. ಬೈಬಲಿನ ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದ ನ್ಯಾಯತೀರ್ಪಿನಲ್ಲಿ, ರೋಗದಲ್ಲಿದ್ದ ತನ್ನನ್ನು ನೋಡಲು ಬರಲಿಲ್ಲವೆಂದು ರಾಜನಾದ ಕ್ರಿಸ್ತನು ಎಡಗಡೆಯವರನ್ನು ಆಚೆಗೆ ಕಳುಹಿಸುವ ಮಾತನ್ನು ಆಕೆ ಅಂದಿನಿಂದ ತನ್ನ ಹೆಸರಿಗೇ ಬರೆದಂತೆ ಓದಿಕೊಳ್ಳತೊಡಗಿದರು.

ಎರಡನೆಯ ಭೇಟಿಯಲ್ಲಿ ಆಕೆ ಚೀಲದಿಂದ ರಟ್ಟಿನ ಫೈಲೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಒಳಗಿದ್ದದ್ದು ರೋಗಿಯ ಹಾಸಿಗೆಯ ತುದಿಗೆ ತೂಗುಹಾಕುವಂಥ ಚಾರ್ಟು, ಕೈಯಿಂದ ಗೆರೆ ಎಳೆದು ಮಾಡಿದ್ದು. ಜ್ವರ, ನಾಡಿ, ಉಸಿರು ಇರಬೇಕಾದ ಕಡೆ ಪ್ರಾರ್ಥನೆ, ಕೋಪ, ಸುಳ್ಳು, ದಯೆ ಎಂದು ನೀಲಿ ಶಾಯಿಯ ಅಚ್ಚುಕಟ್ಟಾದ ಅಕ್ಷರ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಪಾಳಿಗೂ ಗುರುತು. ಚುಕ್ಕೆಗಳನ್ನು ಸೇರಿಸಿ ಏರಿಳಿಯುವ ಕೆಂಪು ಗೆರೆ. ಒಂದು ದಿನದ ದಯೆಯ ಮನೆಯಲ್ಲಿ "ಹಾಸಿಗೆ 7, ಹಾಲು, ಬ್ರೆಡ್ಡು" ಎಂದು ಬರೆದು, ಅದರ ಮೇಲೆ ಅಡ್ಡಗೆರೆ ಹೊಡೆದು, ಪಕ್ಕದಲ್ಲಿ ಸಣ್ಣದಾಗಿ "ಹೊಗಳಿಕೆಗೆ ಆಸೆಪಟ್ಟೆ" ಎಂದಿತ್ತು. ಹಾಸಿಗೆ 7ರಲ್ಲಿ ಇದ್ದವರು ಯಾರು ಎಂದು ಕೇಳಿದೆ. ಗಂಡಸೋ ಹೆಂಗಸೋ ಎಂಬುದೂ ಆಕೆಗೆ ನೆನಪಿಗೆ ಬರಲಿಲ್ಲ.

ಪ್ರಕರಣದ ಕೀಲು ಇಲ್ಲಿದೆ ಎಂದು ನನಗನ್ನಿಸಿತು. ತನ್ನ ಭಯ ತಣಿಸಿಕೊಳ್ಳಲು ಮಾಡಿದ ದಯೆ ಎದುರಿನ ಮನುಷ್ಯನನ್ನು ನೋಡಿರಲೇ ಇಲ್ಲ. ಭಕ್ತಿ ಕಠಿಣವಾದ ಮಾತ್ರಕ್ಕೆ ಅದನ್ನು ರೋಗವೆನ್ನುವವಳು ನಾನಲ್ಲ. ಉಪವಾಸ, ದಾನ, ಜಾಗರಣೆಗಳಿಂದ ಹಗುರಾದ ಜನರನ್ನು ಬೇಕಾದಷ್ಟು ಕಂಡಿದ್ದೇನೆ. ಇವರಲ್ಲಾದರೋ ಪ್ರತಿಯೊಂದು ಕ್ರಿಯೆಯೂ ಮುಂದಿನ ಸಂಶಯವನ್ನೇ ಹೆರುತ್ತಿತ್ತು. ಹೇಳಿಕೊಂಡ ಪಾಪವನ್ನು ಸರಿಯಾಗಿ ಹೇಳಿದೆನೋ ಇಲ್ಲವೋ, ಕೊಟ್ಟ ಹಣವನ್ನು ಸರಿಯಾದ ಮನಸ್ಸಿನಿಂದ ಕೊಟ್ಟೆನೋ ಇಲ್ಲವೋ ಎಂಬ ಸುತ್ತಾಟ ಗೀಳು ಕಾಯಿಲೆಯ ಸ್ಪಷ್ಟ ಲಕ್ಷಣ. ಆದ್ದರಿಂದ ಮೊದಲು ಕೊಟ್ಟ ಸಲಹೆ ಮನೋವೈದ್ಯರನ್ನು ಕಾಣಿರಿ ಎಂಬುದು. "ಹಾಗಾದರೆ ನನ್ನ ನಂಬಿಕೆಯೇ ಕಾಯಿಲೆಯಾ ಮೇಡಂ?" ಎಂದು ಆಕೆ ಕೇಳಿದರು. ಅಲ್ಲ, ಕಾಯಿಲೆ ನಂಬಿಕೆಯ ಮಾತನ್ನು ಎರವಲು ಪಡೆದಿದೆ ಎಂದೆ.

ಇದು ಹಳೆಯ ಸಂಕಟವೆಂದು ತಿಳಿದದ್ದು ಆಕೆಗೆ ಔಷಧಿಗಿಂತ ಮೊದಲು ಸಮಾಧಾನ ಕೊಟ್ಟಿತು. 1505ರಲ್ಲಿ ಮಠ ಸೇರಿದ ಮಾರ್ಟಿನ್ ಲೂಥರ್ ತನ್ನ ಹಿರಿಯರಾದ ಸ್ಟೌಪಿಟ್ಸ್ ಎದುರು ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಎದ್ದು ಹೋದ ಮೇಲೆ ಮರೆತದ್ದು ನೆನಪಾಗಿ ಮತ್ತೆ ಬರುತ್ತಿದ್ದರು. 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದ ಲೊಯೊಲಾದ ಇಗ್ನೇಷಿಯಸ್, ಎಲ್ಲವನ್ನೂ ಒಮ್ಮೆ ಬರೆದು ಒಪ್ಪಿಸಿದ ಮೇಲೂ ಅವೇ ತಪ್ಪುಗಳು ಕಾಡಿ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೆ ಹೋಗಿದ್ದರು. ದೇವರು ಉತ್ತರಿಸುವ ತನಕ ಉಣ್ಣುವುದಿಲ್ಲವೆಂದು ವಾರ ಕಾಲ ಉಪವಾಸವಿದ್ದಾಗ, ಊಟ ಮಾಡೆಂದು ಅಪ್ಪಣೆ ಕೊಟ್ಟದ್ದು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುವೇ. ಒಬ್ಬರು ಪ್ರೊಟೆಸ್ಟಂಟ್ ಸುಧಾರಣೆಯ ಮುಂದಾಳು, ಇನ್ನೊಬ್ಬರು ಅದರ ಎದುರು ನಿಂತ ಕ್ಯಾಥೊಲಿಕ್ ಜೆಸ್ವಿತ್ ಸಂಘದ ಸ್ಥಾಪಕ. ಗಂಡನ ಕಡೆಯವರೂ ಹೆಂಡತಿಯ ಕಡೆಯವರೂ ಒಂದೇ ಬೇನೆ ಉಂಡವರು ಎಂದಾಗ ಇಬ್ಬರೂ ಅಪರೂಪಕ್ಕೆ ನಕ್ಕರು.

ಆದರೆ ಆಕೆಯ ಪ್ರಶ್ನೆಯನ್ನು ಕಾಯಿಲೆಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಪ್ರಶ್ನೆಗೆ ಉತ್ತರ ಬೇಕಿತ್ತು. ಸುತ್ತಲಿನ ಮೂರು ದನಿಗಳು ಆಕೆಗೆ ಮೂರು ಬೇರೆ ಮಾತು ಹೇಳಿದ್ದವು. ತಾಯಿ, ಒಳ್ಳೆಯದು ಮಾಡುತ್ತಾ ಹೋಗು, ದೇವರು ನೋಡಿಕೊಳ್ಳುತ್ತಾನೆ ಎಂದಿದ್ದರು. ಪತಿ, ನಂಬಿಕೆ ಒಂದಿದ್ದರೆ ಸಾಕು ಎಂದಿದ್ದರು. ಕೂಟದವರು, ಪರಿಶುದ್ಧತೆಯಿಲ್ಲದೆ ಯಾರೂ ಕರ್ತನನ್ನು ಕಾಣುವುದಿಲ್ಲ ಎಂದಿದ್ದರು. ಆಕೆ ಮೂರನ್ನೂ ಷರತ್ತುಗಳೆಂದು ಕೂಡಿಸಿಕೊಂಡು, ಮೂರರಲ್ಲೂ ತೇರ್ಗಡೆಯಾಗಬೇಕೆಂದು ಹೊರಟಿದ್ದರು. ಹಾಗೆ ಕೂಡಿಸಲು ಈ ಮೂರರಲ್ಲಿ ಯಾವ ಪರಂಪರೆಯೂ ಕಲಿಸಿಲ್ಲ.

ತಾಯಿಯ ಸಭೆಯ ಮಾತನ್ನೇ ಮೊದಲು ತೆಗೆದುಕೊಂಡೆವು. ಸತ್ಕಾರ್ಯದಿಂದ ಸ್ವರ್ಗ ಸಂಪಾದಿಸಬೇಕೆಂಬುದು ಕ್ಯಾಥೊಲಿಕ್ ಬೋಧನೆ ಎಂದು ಆಕೆಯೂ ಪತಿಯೂ ನಂಬಿದ್ದರು. 1547ರ ಜನವರಿಯಲ್ಲಿ ಕ್ಯಾಥೊಲಿಕ್ ಸಭೆಯ ಟ್ರೆಂಟ್ ಮಹಾಸಭೆ ಈ ವಿಷಯದ ಮೇಲೆ ಹೊರಡಿಸಿದ ನಿರ್ಣಯದ ಮೊದಲ ವಿಧಿ, ಕ್ರಿಸ್ತನ ಮೂಲಕ ಬರುವ ಕೃಪೆಯಿಲ್ಲದೆ ಸ್ವಂತ ಕ್ರಿಯೆಗಳಿಂದಲೇ ಮನುಷ್ಯ ನೀತಿವಂತನಾಗಬಲ್ಲನೆಂಬ ವಾದವನ್ನೇ ತಳ್ಳಿಹಾಕುತ್ತದೆ; ಅದೇ ನಿರ್ಣಯ ನಂಬಿಕೆಯನ್ನು ರಕ್ಷಣೆಯ ಆರಂಭ, ಬುನಾದಿ, ಬೇರು ಎಂದು ಕರೆಯುತ್ತದೆ. ಕೃಪೆ ಹೊಂದಿದವನ ಸತ್ಕಾರ್ಯ ಆ ಜೀವನವನ್ನು ಬೆಳೆಸುತ್ತದೆ ಎಂದೂ ಅದು ಹೇಳುತ್ತದೆ ನಿಜ, ಆದರೆ ಬಾಗಿಲು ತೆರೆಯುವ ಕೀಲಿ ಅದಲ್ಲ.

ಪತಿಯ ಮಾತಿಗೂ ಹೀಗೆಯೇ ಮತ್ತೊಂದು ಮಗ್ಗುಲಿತ್ತು. ಕ್ರಿಯೆಗಳಿಂದಲ್ಲ, ಕೃಪೆಯಿಂದಲೇ ರಕ್ಷಣೆ ಎಂದು ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಿಂದ ಅವರು 8, 9ನೆಯ ವಚನಗಳನ್ನು ಹೇಳುತ್ತಿದ್ದರು; 10ನೆಯದು, ದೇವರು ಮೊದಲೇ ಸಿದ್ಧಮಾಡಿಟ್ಟ ಸತ್ಕಾರ್ಯಗಳಿಗಾಗಿಯೇ ನಾವು ಕ್ರಿಸ್ತನಲ್ಲಿ ಸೃಷ್ಟಿಸಲ್ಪಟ್ಟಿದ್ದೇವೆ ಎಂಬುದು, ಬಾಯಿಗೆ ಬರುತ್ತಿರಲಿಲ್ಲ. ಅವರ ಹಿರಿಯರು 1947ರಲ್ಲಿ ಸಿ.ಎಸ್.ಐ.ಯಲ್ಲಿ ಒಂದಾದ ಸಭೆಗಳ ಪೈಕಿ ಮೆಥೊಡಿಸ್ಟರು. ಆ ಪರಂಪರೆಯ ಜಾನ್ ವೆಸ್ಲಿ 1738ರಲ್ಲಿ ಕ್ರಿಸ್ತನೊಬ್ಬನನ್ನೇ ನೆಚ್ಚಿದ ಭರವಸೆಯನ್ನು ಕಂಡುಕೊಂಡವರು, ಆದರೆ 1743ರಲ್ಲಿ ತಮ್ಮ ಸಂಘಗಳಿಗೆ ಬರೆದ ನಿಯಮಗಳಲ್ಲಿ ಕೇಡು ಮಾಡದಿರುವುದು, ಒಳ್ಳೆಯದು ಮಾಡುವುದು, ಆರಾಧನೆಯ ಕ್ರಮಗಳಲ್ಲಿ ನಿಲ್ಲುವುದು ಎಂಬ ಮೂರನ್ನೂ ಇಟ್ಟವರು. ಹೊದೆಯಲು ಬಟ್ಟೆಯಿಲ್ಲದವನಿಗೆ ಬೆಚ್ಚಗಿರು ಎಂದು ಹೇಳಿ ಕಳುಹಿಸುವ ನಂಬಿಕೆ ಸತ್ತದ್ದು ಎಂದು ಯಾಕೋಬನು ಬೈಬಲಿನ ತನ್ನ ಪತ್ರಿಕೆಯಲ್ಲಿ ಬರೆದಾಗ ಅವನ ಜಗಳ ಪೌಲನೊಂದಿಗಲ್ಲ, ಅಂಥ ಬಾಯಿಮಾತಿನೊಂದಿಗೆ. ನಮ್ಮ ಆಷಾಢದ ಮಳೆಯಲ್ಲಿ ಆ ಮಾತು ಎಷ್ಟು ಕ್ರೂರವೆಂದು ಮಲೆನಾಡಿನವರಿಗೆ ವಿವರಿಸಬೇಕಿಲ್ಲ.

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಸಹಿ ಹಾಕಿದ ಜಂಟಿ ಘೋಷಣೆಯ ತಿರುಳನ್ನು ಇಬ್ಬರಿಗೂ ಓದಿ ಹೇಳಿದೆ: ನಮ್ಮ ಯೋಗ್ಯತೆಯಿಂದಲ್ಲ, ಕೃಪೆಯಿಂದ ಮಾತ್ರ ದೇವರು ನಮ್ಮನ್ನು ಸ್ವೀಕರಿಸುತ್ತಾನೆ; ಆ ಕೃಪೆಯೇ ಹೃದಯವನ್ನು ಹೊಸದುಮಾಡಿ ಸತ್ಕಾರ್ಯಕ್ಕೆ ಕರೆಯುತ್ತದೆ. ವಿಶ್ವ ಮೆಥೊಡಿಸ್ಟ್ ಮಂಡಳಿ 2006ರಲ್ಲಿ ಅದಕ್ಕೆ ಸೇರಿಕೊಂಡಿತು. ಹಾಗೆಂದು ಎಲ್ಲ ಭೇದವೂ ಅಳಿದಿಲ್ಲ. ತಾನು ಕೃಪೆಯಲ್ಲಿದ್ದೇನೆಂದು ಯಾರೂ ತಪ್ಪೇ ಆಗದಷ್ಟು ಖಚಿತವಾಗಿ ತಿಳಿಯಲಾರರು ಎಂದು ಟ್ರೆಂಟ್ ಹೇಳುತ್ತದೆ. ವೆಸ್ಲಿಯ ಹಾದಿಯವರು ರಕ್ಷಣೆಯ ಭರವಸೆಯನ್ನು ಒತ್ತಿ ಹೇಳುತ್ತಾರೆ. ಟ್ರೆಂಟಿನ ಈ ಮಾತು ಆಕೆಯನ್ನು ಮತ್ತೆ ನಡುಗಿಸಬಹುದೆಂದು ನನಗೆ ಗೊತ್ತಿತ್ತು. ಅದಕ್ಕೇ ಆ ನಿರ್ಣಯದ ಅದೇ ಅಧ್ಯಾಯದ ಜೊತೆಯ ಮಾತನ್ನೂ ಹೇಳಿದೆ. ತನ್ನ ದೌರ್ಬಲ್ಯ ನೋಡಿಕೊಂಡವನಿಗೆ ಅಂಜಿಕೆ ಬರಬಹುದು, ಆದರೆ ದೇವರ ಕರುಣೆಯನ್ನೂ ಕ್ರಿಸ್ತನ ಪುಣ್ಯವನ್ನೂ ಸಂಶಯಿಸಬಾರದು ಎಂದು ಅಲ್ಲಿದೆ. ಚಾರ್ಟು ಬರೆಯುವವರು ನೋಡುವುದು ಮೊದಲನೆಯದನ್ನು ಮಾತ್ರ.

ಪರಿಶುದ್ಧತೆಯ ವಿಷಯಕ್ಕೆ ಹೆಚ್ಚು ಹೊತ್ತು ಕೊಡಬೇಕಾಯಿತು, ಏಕೆಂದರೆ ಗಾಯ ಅಲ್ಲಿತ್ತು. ಕೂಟದವರು ಹೇಳಿದ ವಚನ ಇಬ್ರಿಯರಿಗೆ ಬರೆದ ಪತ್ರಿಕೆಯ 12ನೆಯ ಅಧ್ಯಾಯದ 14ನೆಯದು. ಪೂರ್ತಿ ಓದಿಸಿದೆ. ಎಲ್ಲರ ಸಂಗಡ ಸಮಾಧಾನದಿಂದಿರಲು ಪ್ರಯತ್ನಿಸಿರಿ ಎಂದು ಶುರುವಾಗುವ ಮಾತು ಅದು. ಪರಿಶುದ್ಧತೆ ಅದರ ಜೋಡಿಯಾಗಿ ಬರುತ್ತದೆ. ಮನೆಯ ಸಮಾಧಾನವನ್ನು ಬೆಲೆಯಾಗಿ ತೆತ್ತು ಕೊಳ್ಳುವ ಪರಿಶುದ್ಧತೆ ಆ ವಚನದಲ್ಲಿಲ್ಲ. ಆಭರಣದ ಬಗ್ಗೆ ಎತ್ತಿ ಹೇಳುವ ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಭಾಗವೂ ಚಿನ್ನ ಮುತ್ತುಗಳ ಬದಲು ಸತ್ಕ್ರಿಯೆಗಳನ್ನು ತೊಟ್ಟುಕೊಳ್ಳಿರಿ ಎಂದು ಮುಗಿಯುತ್ತದೆ. ಸ್ವಂತ ಮನಸ್ಸಿನಿಂದ ಒಡವೆ ಬಿಟ್ಟವರನ್ನು ನಾನು ಗೌರವಿಸುತ್ತೇನೆ. ಆದರೆ ಹೆದರಿ ಬಿಟ್ಟದ್ದನ್ನು ತ್ಯಾಗವೆಂದು ಕರೆಯಲಾರೆ.

ಕೊನೆಗೆ ಮತ್ತಾಯ 25ಕ್ಕೆ ಬಂದೆವು. ಬಲಗಡೆಯವರು ರಾಜನಿಗೆ ಏನು ಉತ್ತರ ಕೊಡುತ್ತಾರೆ ನೋಡಿ ಸಿಸ್ಟರ್ ಎಂದೆ. ಆಕೆ ಓದಿದರು: ಸ್ವಾಮೀ, ನಾವು ಯಾವಾಗ ನಿನ್ನನ್ನು ಹಸಿದವನಾಗಿ ಕಂಡೆವು ಎಂದು ಅವರು ಬೆರಗಾಗಿ ಕೇಳುತ್ತಾರೆ. ಅವರು ಉಣಬಡಿಸಿದ್ದು ಹಸಿದವನನ್ನು ಕಂಡು. ಎಷ್ಟು ಸಲ, ಯಾವ ಮನಸ್ಸಿನಿಂದ ಎಂದು ಬರೆದಿಟ್ಟವರಲ್ಲ. ಆ ವೃದ್ಧೆಯ ಬಗ್ಗೆ ಕೇಳಿದಾಗ ಆಕೆಗೆ ಎಲ್ಲವೂ ನೆನಪಿತ್ತು: ಹಸಿರು ಗಾಜಿನ ಬಳೆ, ಸುಣ್ಣ ಅಂಟಿದ ತೋರುಬೆರಳು, ಮೊಮ್ಮಗನ ಹೆಸರು. ಚಾರ್ಟು ಶುರುವಾಗುವ ಮೊದಲು ಆಕೆ ರೋಗಿಗಳನ್ನು ನೋಡುತ್ತಿದ್ದ ರೀತಿ ಅದು. ಇದನ್ನು ಹೇಳಿದ ಮೇಲೆ ಆಕೆ ಬಹಳ ಹೊತ್ತು ಅತ್ತರು.

ಸಲಹೆಗಳು ಇಷ್ಟು. ಮನೋವೈದ್ಯರು ಬರೆದುಕೊಟ್ಟ ಮಾತ್ರೆಯನ್ನು ಅವರು ಹೇಳುವ ತನಕ ನಿಲ್ಲಿಸಬಾರದು. ಪಾಪನಿವೇದನೆಗೆ ಒಬ್ಬರೇ ಗುರು, ಅವರು ಗೊತ್ತುಮಾಡಿದ ದಿನ ಮಾತ್ರ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಆಕೆಯ ಒಪ್ಪಿಗೆಯಿಂದ ಫಾದರ್ ಅವರೊಂದಿಗೆ ನಾನೇ ಮಾತಾಡಿದೆ, ಅವರು ಕೂಡಲೇ ಒಪ್ಪಿದರು. ಉಪವಾಸ ಸದ್ಯಕ್ಕೆ ಪೂರ್ತಿ ಬಂದ್. ಆಕೆಯ ಸಭೆಯ ನಿಯಮ ಉಪವಾಸವನ್ನು ಕಡ್ಡಾಯ ಮಾಡಿರುವುದೇ ವರ್ಷಕ್ಕೆ ಎರಡು ದಿನ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಅದರಲ್ಲೂ ಅಸ್ವಸ್ಥರಿಗೆ ವಿನಾಯಿತಿಯಿದೆ. ದಾನದ ಮೊತ್ತವನ್ನು ತಿಂಗಳ ಮೊದಲಲ್ಲಿ ಗಂಡ ಹೆಂಡತಿ ಕೂತು ಗೊತ್ತುಮಾಡಬೇಕು, ಏಕೆಂದರೆ ಬಲವಂತದಿಂದಲ್ಲ, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡು ಕೊಡಬೇಕೆಂಬುದು ಪೌಲನದೇ ಮಾತು. ಚಾರ್ಟಿನಲ್ಲಿ ಮೊದಲು ರಾತ್ರಿಯ ಮನೆಯನ್ನು ಖಾಲಿ ಬಿಡಬೇಕು. ಬರೆಯದಿದ್ದಾಗ ಏಳುವ ಚಡಪಡಿಕೆಯನ್ನು ಪ್ರಾರ್ಥನೆಯಿಂದಲೂ ತಣಿಸದೆ, ತಾನಾಗಿ ಇಳಿಯುವವರೆಗೆ ಕಾಯಬೇಕು. ಎಲ್ಲಕ್ಕಿಂತ ಕಷ್ಟವಾದದ್ದು ಇದೇ. ಕರಿಮಣಿಯ ವಿಷಯದಲ್ಲಿ ಒತ್ತಾಯ ಕೂಡದು ಎಂದು ಪತಿಗೆ ಹೇಳಿದೆ.

ಈಗ ಆಕೆ ನಿದ್ರಿಸುತ್ತಾರೆ, ಔಷಧಿ ಮುಂದುವರಿದಿದೆ, ಚಾರ್ಟು ನಿಂತಿದೆ. ಕರಿಮಣಿಯನ್ನು ತಾವಾಗಿ ಹಾಕಿಕೊಂಡಿದ್ದಾರೆ. ಕೂಟದ ಗೆಳತಿಯರನ್ನು ಬಿಟ್ಟಿಲ್ಲ, ಉಪವಾಸ ಪ್ರಾರ್ಥನೆಗಳಿಗೆ ಮಾತ್ರ ಹೋಗುವುದಿಲ್ಲ. ಆ ವೃದ್ಧೆಗಾಗಿ ಚರ್ಚಿನಲ್ಲಿ ಒಂದು ಬಲಿಪೂಜೆ (ಮಾಸ್) ಮಾಡಿಸಬೇಕೆಂದು ಆಕೆಗೆ ಆಸೆ. ತೀರಿಕೊಂಡವರ ಸ್ಥಿತಿ ನಮ್ಮ ಪ್ರಾರ್ಥನೆಯಿಂದ ಬದಲಾಗುವುದಿಲ್ಲವೆಂದು ಪತಿಯ ನಿಲುವು. ಇಲ್ಲಿ ನಿಮ್ಮ ಸಭೆಗಳು ನಿಜವಾಗಿಯೂ ಬೇರೆ ಬೇರೆ ಹೇಳುತ್ತವೆ, ತೀರ್ಪು ಕೊಡುವುದು ನನ್ನ ಕೆಲಸವಲ್ಲ ಎಂದೆ. ಪೂಜೆಗೆ ಜೊತೆಯಲ್ಲಿ ಹೋಗಿ ಕೂರಬಹುದೇ ಎಂದು ತಮ್ಮ ಸಭಾಪಾಲಕರನ್ನು ಕೇಳಿಕೊಂಡು ಬರುವುದಾಗಿ ಪತಿ ಹೇಳಿದ್ದಾರೆ. ಮುಂದಿನ ಭೇಟಿ ಶಾಲೆಯ ಪರೀಕ್ಷೆಗಳು ಮುಗಿದ ಮೇಲೆ.