ಓಹಾಯೋದಲ್ಲಿ ಪಟಾಕಿ: ಮಾರೋದಕ್ಕೆ ಒಂದು ಕಾನೂನು, ಹಚ್ಚೋದಕ್ಕೆ ಇನ್ನೊಂದು

ನೀವು ಕೇಳಿದ್ದು ಇಷ್ಟು: ಅಮೆರಿಕದ ಓಹಾಯೋ ರಾಜ್ಯದಲ್ಲಿ ಪಟಾಕಿ ಈಗ ಲೀಗಲ್ ಆಗಿದೆಯಂತೆ, ಅದರಿಂದ ಮಾರಾಟ ಜಾಸ್ತಿ ಆಯ್ತಾ, ತೆರಿಗೆ ಎಷ್ಟು ಬೀಳುತ್ತೆ, ದೀಪಾವಳಿಗೆ ಮನೆ ಹಿತ್ತಲಲ್ಲಿ ಹಚ್ಚಬಹುದಾ? ಜೊತೆಗೆ, ಜುಲೈಯಲ್ಲಿ ಒಂದು ಡೇರೆ ಹಾಕಿ ನಾವೇ ಮಾರಿದರೆ ಹೇಗೆ ಅಂತಲೂ ಕೇಳಿದ್ದೀರಿ.

ಡೇರೆ ವಿಷಯ ಮೊದಲು ಹೇಳಿಬಿಡುತ್ತೇನೆ. ಆ ಯೋಚನೆ ಬಿಟ್ಟುಬಿಡಿ. ಓಹಾಯೋದಲ್ಲಿ ರಾಕೆಟ್, ಶೆಲ್, ಆಕಾಶದಲ್ಲಿ ಒಡೆಯುವ ಡಬ್ಬಗಳನ್ನು ಡೇರೆಯಲ್ಲಿ ಮಾರುವ ಹಾಗಿಲ್ಲ. ಲೈಸೆನ್ಸ್ ಇರುವವರು, ಪಕ್ಕಾ ಕಟ್ಟಡದಲ್ಲಿ ಮಾತ್ರ ಮಾರಬಹುದು. ಅದಕ್ಕೆ ಕಾರಣವೂ ಇದೆ. 1996ರ ಜುಲೈ 3ರಂದು ಈ ರಾಜ್ಯದ ಸ್ಕಾಟ್‌ಟೌನ್ ಎಂಬಲ್ಲಿ ಜನ ತುಂಬಿದ್ದ ಪಟಾಕಿ ಅಂಗಡಿಗೆ ಬೆಂಕಿ ಬಿದ್ದು 9 ಜನ ಸತ್ತರು. ಅಂಗಡಿಯೊಳಗೇ ಒಬ್ಬ ಪಟಾಕಿಗೆ ಬೆಂಕಿ ಹಚ್ಚಿದ್ದ. ನಮ್ಮ ಅತ್ತಿಬೆಲೆಯಲ್ಲಿ 2023ರ ಅಕ್ಟೋಬರ್ 7ರಂದು ಆಗಿದ್ದು ನೆನಪಿದೆಯಲ್ವಾ? 14ಕ್ಕೂ ಹೆಚ್ಚು ಜನ, ಬಹಳಷ್ಟು ಜನ ಕೆಲಸಕ್ಕೆ ಬಂದಿದ್ದ ಹುಡುಗರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ಪಟಾಕಿ ಮಾರುವ ಜಾಗಕ್ಕೆ ನಿಯಮ ಬಿಗಿ ಇದ್ದಷ್ಟೂ ಒಳ್ಳೆಯದು ಅಂತ ನಾನು ನಂಬಿದ್ದೇನೆ.

ಈಗ ಮಾರಾಟಕ್ಕೆ ಬರೋಣ. ‘ಕಾನೂನುಬದ್ಧ ಆಯ್ತು, ಅದಕ್ಕೇ ಮಾರಾಟ ಏರಿತು’ ಅನ್ನೋದು ಕೇಳೋದಕ್ಕೆ ಸುಲಭ. ಆದರೆ ಓಹಾಯೋದಲ್ಲಿ ಅಂಗಡಿಗಳು ಮೊದಲೂ ಮಾರುತ್ತಿದ್ದವು. ನಾನು ಇಲ್ಲಿನ ಕೊಲಂಬಸ್ ನಗರದ ಹೊರವಲಯಕ್ಕೆ ಬಂದಿದ್ದು 2015ರಲ್ಲಿ. ಆ ಜುಲೈಯಲ್ಲಿ ಹೆದ್ದಾರಿ ಪಕ್ಕದ ಒಂದು ದೊಡ್ಡ ಪಟಾಕಿ ಅಂಗಡಿಗೆ ಹೋದೆ. ನಮ್ಮೂರ ಮೈದಾನದ ತಗಡಿನ ಮಳಿಗೆ ನೋಡಿದವನಿಗೆ ಅದು ಸೂಪರ್ ಮಾರ್ಕೆಟ್ ಥರ ಕಂಡಿತು. ತಳ್ಳುಗಾಡಿ, ಏಸಿ, ತಲೆಯ ಮೇಲೆ ಸ್ಪ್ರಿಂಕ್ಲರ್ ಪೈಪು. ಬಿಲ್ ಮಾಡುವ ಮೊದಲು ಕೌಂಟರ್‌ನಲ್ಲಿ ಒಂದು ಫಾರಂ ಕೈಗಿಟ್ಟರು. ಹೆಸರು, ವಿಳಾಸ, ಅದರ ಕೆಳಗೆ ಒಂದು ಮಾತು: ಈ ಪಟಾಕಿಯನ್ನು 48 ಗಂಟೆಯೊಳಗೆ ಓಹಾಯೋದಿಂದ ಹೊರಗೆ ಒಯ್ಯುತ್ತೇನೆ. ಮೇಲಿನ ಸಾಲಿನಲ್ಲಿ ಓಹಾಯೋ ವಿಳಾಸ ಬರೆದ ಕೈಯೇ ಕೆಳಗೆ ಹೊರಗೆ ಒಯ್ಯುತ್ತೇನೆ ಅಂತ ಸಹಿ ಹಾಕಬೇಕು. ಪೆನ್ನು ಹಿಡಿದು ಒಂದು ಗಳಿಗೆ ನಿಂತೆ. ಹಿಂದೆ ಜನ ಕಾಯುತ್ತಿದ್ದರು. ಸಹಿ ಹಾಕಿದೆ. ಇಲ್ಲಿನವರು ಅದನ್ನು ‘ಸುಳ್ಳುಗಾರರ ಕಾನೂನು’ ಅಂತಲೇ ಕರೆಯುತ್ತಿದ್ದರು. ಮಕ್ಕಳ ಎದುರಿಗೇ ಹಾಕಿದ ಆ ಸಹಿ ನನಗೆ ಇವತ್ತಿಗೂ ಮುಜುಗರ ತರುತ್ತದೆ.

ಆ ಫಾರಂ ಹೋಗಿದ್ದು 2022ರ ಜುಲೈ 1ಕ್ಕೆ. ಗವರ್ನರ್ ಮೈಕ್ ಡಿವೈನ್ 2021ರ ಜುಲೈಯಲ್ಲಿ ಇಂಥದ್ದೇ ಒಂದು ಮಸೂದೆಯನ್ನು ವೀಟೋ ಮಾಡಿದ್ದರು. ಆಮೇಲೆ, ಕೆಲವು ಹಬ್ಬದ ದಿನಗಳಲ್ಲಿ ಮಾತ್ರ ಹಚ್ಚಲು ಬಿಡುವ ಹೌಸ್ ಬಿಲ್ 172 ಎಂಬ ಮಸೂದೆಗೆ ನವೆಂಬರ್‌ನಲ್ಲಿ ಸಹಿ ಹಾಕಿದರು. ಹಾಗಾಗಿ ಇಲ್ಲಿ ಬದಲಾಗಿದ್ದು ಕೊಳ್ಳುವ ಹಕ್ಕಿಗಿಂತ ಹೆಚ್ಚಾಗಿ ಹಚ್ಚುವ ಹಕ್ಕು.

ಪಕ್ಕದ ರಾಜ್ಯಗಳ ಕಥೆ ಬೇರೆ. ಮಿಷಿಗನ್‌ನಲ್ಲಿ 2012ರವರೆಗೆ ನೆಲದ ಮೇಲೆ ಕಿಡಿ ಕಾರುವಂಥವು ಬಿಟ್ಟು ಬೇರೇನೂ ಇರಲಿಲ್ಲ. ಅಲ್ಲಿನವರು ಗಡಿ ದಾಟಿ ಓಹಾಯೋಗೋ ಇಂಡಿಯಾನಾಗೋ ಹೋಗಿ ಡಿಕ್ಕಿ ತುಂಬಿಕೊಂಡು ಬರುತ್ತಿದ್ದರು. ಬೆಂಗಳೂರಿನವರು ದೀಪಾವಳಿಗೆ ಹೊಸೂರು ಕಡೆ ಹೋಗುತ್ತಾರಲ್ಲ, ಹಾಗೇ. ಪೆನ್ಸಿಲ್ವೇನಿಯಾದ್ದು ಇನ್ನೂ ವಿಚಿತ್ರ. ಅಲ್ಲಿ 2017ರವರೆಗೆ ದೊಡ್ಡ ಪಟಾಕಿಯನ್ನು ಹೊರರಾಜ್ಯದವರಿಗೆ ಮಾರಬಹುದಿತ್ತು, ಸ್ವಂತ ರಾಜ್ಯದವರಿಗೆ ಪರ್ಮಿಟ್ ಇಲ್ಲದೆ ಮಾರುವಂತಿರಲಿಲ್ಲ. ಇಂಥ ಕಡೆ ನಿಷೇಧ ತೆಗೆದಾಗ ಹೊರಗೆ ಹೋಗುತ್ತಿದ್ದ ವ್ಯಾಪಾರ ಮನೆಗೆ ವಾಪಸ್ ಬರುತ್ತದೆ. ಅಂದರೆ ಗಡಿಯ ಆಚೆ ಅಂಗಡಿಗೆ ಬೀಳುವ ಪೆಟ್ಟು ಈಚೆ ಅಂಗಡಿಯ ಲಾಭ. ಪೂರ್ತಿ ನಿಷೇಧ ಉಳಿಸಿಕೊಂಡಿರುವ ಒಂದೇ ರಾಜ್ಯ ಮ್ಯಾಸಚೂಸೆಟ್ಸ್. ಅದರ ಪಕ್ಕದ ನ್ಯೂ ಹ್ಯಾಂಪ್‌ಶೈರ್ ಗಡಿಯಲ್ಲಿ ಪಟಾಕಿ ಅಂಗಡಿಗಳು ಚೆನ್ನಾಗಿ ನಡೆಯುತ್ತವೆ.

ದೇಶದ ಲೆಕ್ಕ ನೋಡುವಾಗಲೂ ಸ್ವಲ್ಪ ಹುಷಾರು. ಪಟಾಕಿ ವ್ಯಾಪಾರಿಗಳ ಸಂಘದ ಪ್ರಕಾರ ಮನೆಮಂದಿ ಕೊಳ್ಳುವ ಪಟಾಕಿಯ ವಹಿವಾಟು 2019ರಲ್ಲಿ ಸುಮಾರು 100 ಕೋಟಿ ಡಾಲರ್ ಇತ್ತು, 2020ರಲ್ಲಿ 190 ಕೋಟಿ ಆಯ್ತು, 2021ರಲ್ಲಿ 220 ಕೋಟಿ. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ದುಪ್ಪಟ್ಟು! ಆ ವರ್ಷ ದೇಶಕ್ಕೆಲ್ಲ ಹೊಸ ಕಾನೂನೇನೂ ಬಂದಿರಲಿಲ್ಲ. ಬಂದಿದ್ದು ಕೊರೊನಾ. ಊರಿನ ದೊಡ್ಡ ಬಾಣಬಿರುಸು ಪ್ರದರ್ಶನಗಳೆಲ್ಲ ರದ್ದಾದವು, ಜನ ಮನೆಯಲ್ಲೇ ಹಚ್ಚಿದರು. ಆಮೇಲೆ ಚೀನಾದಿಂದ ಬರುವ ಹಡಗಿನ ಬಾಡಿಗೆ ಏರಿತು. ಇಲ್ಲಿ ಮಾರುವ ಪಟಾಕಿ ಹೆಚ್ಚುಕಡಿಮೆ ಎಲ್ಲವೂ ಚೀನಾದ್ದೇ. ಅದಕ್ಕೇ ಬಿಲ್ ಜಾಸ್ತಿ ಆಯ್ತು ಅಂದರೆ ಪಟಾಕಿಯೂ ಅಷ್ಟೇ ಜಾಸ್ತಿ ಸುಟ್ಟರು ಅಂತ ಅಲ್ಲ.

ತೆರಿಗೆ ವಿಷಯ ಸರಳ. ನೀವು 200 ಡಾಲರ್ ಪಟಾಕಿ ಕೊಂಡಿರಿ ಅಂದುಕೊಳ್ಳಿ. ಪೆನ್ಸಿಲ್ವೇನಿಯಾದಲ್ಲಿ ಮಾಮೂಲಿ 6% ಮಾರಾಟ ತೆರಿಗೆ, ಅದರ ಮೇಲೆ ಪಟಾಕಿಗೇ ಅಂತ 12%. ಒಟ್ಟು 36 ಡಾಲರ್. ಮಿಷಿಗನ್‌ನಲ್ಲಿ 6% ತೆರಿಗೆ, 6% ಸುರಕ್ಷತಾ ಶುಲ್ಕ, 24 ಡಾಲರ್. ಓಹಾಯೋದಲ್ಲಿ ಹೊಸ ಕಾನೂನು ತಂದಿದ್ದು 4% ಶುಲ್ಕ, ಅಂದರೆ 8 ಡಾಲರ್. ಅದು ಕಾಗದದ ಮೇಲೆ ಅಂಗಡಿಯವರ ಮೇಲಿನ ಶುಲ್ಕ, ಆದರೆ ಬಿಲ್ಲಿಗೆ ಸೇರಿಸಬಹುದು. ಜೊತೆಗೆ ರಾಜ್ಯದ 5.75% ಮಾರಾಟ ತೆರಿಗೆ, ನಿಮ್ಮ ಕೌಂಟಿಯದು (ನಮ್ಮ ಜಿಲ್ಲೆಯ ಥರ) ಇನ್ನಷ್ಟು. ಆ ಮಾರಾಟ ತೆರಿಗೆ ಮೊದಲೂ ಬರುತ್ತಿತ್ತು, ಸುಳ್ಳು ಸಹಿ ಹಾಕಿದವರೂ ಕಟ್ಟುತ್ತಿದ್ದರು. ರಾಜ್ಯಕ್ಕೆ ಹೊಸದಾಗಿ ಸಿಕ್ಕಿದ್ದು ಮುಖ್ಯವಾಗಿ ಆ 4%.

ಈ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದನ್ನು ಗಮನಿಸಿ. ಓಹಾಯೋದಲ್ಲಿ ಅದು ಅಗ್ನಿಶಾಮಕ ಸಿಬ್ಬಂದಿಯ ತರಬೇತಿಗೆ ಮತ್ತು ಪಟಾಕಿ ಉದ್ಯಮದ ಮೇಲ್ವಿಚಾರಣೆಗೆ. ಮಿಷಿಗನ್‌ನಲ್ಲೂ ಮುಖ್ಯವಾಗಿ ಅಗ್ನಿಶಾಮಕ ತರಬೇತಿಗೆ. ಪೆನ್ಸಿಲ್ವೇನಿಯಾದ 2017ರ ಕಾನೂನಿನಲ್ಲಿ ಆರನೇ ಒಂದು ಭಾಗ, ಅದೂ 20 ಲಕ್ಷ ಡಾಲರ್ ದಾಟದಂತೆ, ಆಂಬುಲೆನ್ಸ್ ಸೇವೆಗೆ ಮತ್ತು ಸ್ವಯಂಸೇವಕ ಅಗ್ನಿಶಾಮಕರ ತರಬೇತಿಗೆ ಅಂತ ಇತ್ತು. ಒಳ್ಳೆಯದೇ. ಆದರೆ ರಾತ್ರಿ ಹನ್ನೊಂದಕ್ಕೆ ದೂರು ಬಂದಾಗ ಗಾಡಿ ಕಳಿಸುವವರು ಊರಿನ ಪೊಲೀಸರು. ಬೆಳಿಗ್ಗೆ ರಸ್ತೆಯ ಮೇಲಿನ ಕಾಗದ ಗುಡಿಸುವವರೂ ಊರಿನವರೇ. ಮಾರಾಟದ ದುಡ್ಡು ರಾಜ್ಯದ ಪೆಟ್ಟಿಗೆಗೆ, ಸದ್ದು ಊರಿನ ಪಾಲಿಗೆ. ನನ್ನ ಪ್ರಕಾರ ಗಲಾಟೆಯೆಲ್ಲ ಇಲ್ಲೇ ಇದೆ.

ಮಿಷಿಗನ್ ಇದನ್ನು ಕಷ್ಟಪಟ್ಟು ಕಲಿಯಿತು. 2011ರಲ್ಲಿ ಮಾಡಿದ ಕಾನೂನು ಊರುಗಳ ಕೈ ಕಟ್ಟಿಹಾಕಿತ್ತು. 10 ರಾಷ್ಟ್ರೀಯ ರಜೆಗಳು, ಪ್ರತಿಯೊಂದಕ್ಕೂ ಹಿಂದಿನ ದಿನ, ಮುಂದಿನ ದಿನ. ಒಟ್ಟು 30 ದಿನ ಯಾವ ಊರೂ ಪಟಾಕಿ ಬೇಡ ಅನ್ನುವಂತಿರಲಿಲ್ಲ. ನಿದ್ದೆ ಇಲ್ಲದ ಜನ, ಬೆದರಿ ಓಡಿದ ನಾಯಿಗಳು, ಯುದ್ಧದಿಂದ ವಾಪಸ್ ಬಂದ ಸೈನಿಕರು, ಎಲ್ಲರ ದೂರೂ ಊರಿನ ಸಭೆಗೆ ಬಂತು. 2013ರಲ್ಲಿ ರಾತ್ರಿ ವೇಳೆಗೆ ಕಡಿವಾಣ ಹಾಕಲು ಬಿಟ್ಟರು. 2018ರ ಕೊನೆಯಲ್ಲಿ ಆ 30 ದಿನವನ್ನು ಸುಮಾರು 12ಕ್ಕೆ ಇಳಿಸಿದರು. ಊರಿನ ನಿಯಮ ಮುರಿದರೆ 1,000 ಡಾಲರ್ ದಂಡ, ಅದರಲ್ಲಿ 500 ಅಲ್ಲಿನ ಪೊಲೀಸರಿಗೇ. ಖರ್ಚು ಹೊತ್ತವರಿಗೆ ಸ್ವಲ್ಪವಾದರೂ ದುಡ್ಡು ತಿರುಗಿ ಬರುವ ಹಾಗೆ ಮಾಡಿದ್ದು ನನಗೆ ಸರಿ ಅನ್ನಿಸಿತು.

ಪೆನ್ಸಿಲ್ವೇನಿಯಾದಲ್ಲಿ ಇನ್ನೊಂದು ತೊಡಕು. ಜನ ಇರುವ ಕಟ್ಟಡದಿಂದ 150 ಅಡಿ ದೂರದಲ್ಲಿ ಹಚ್ಚಬೇಕು. ಫಿಲಡೆಲ್ಫಿಯಾದ ಒಂದಕ್ಕೊಂದು ಅಂಟಿದ ಮನೆಗಳ ಬೀದಿಯಲ್ಲಿ 150 ಅಡಿ ಎಲ್ಲಿಂದ ತರೋದು? ಕೊಂಡಿದ್ದು ಸರಿ, ಹಚ್ಚಿದ್ದು ತಪ್ಪು. ಪೊಲೀಸರು ಬರುವ ಹೊತ್ತಿಗೆ ಹೊಗೆ ಮಾತ್ರ ಇರುತ್ತದೆ. ಅದಕ್ಕೇ 2022ರಲ್ಲಿ ಕಾನೂನು ತಿದ್ದಿ ಊರುಗಳಿಗೆ ಹೆಚ್ಚು ಅಧಿಕಾರ ಕೊಟ್ಟರು, ಮಾಮೂಲಿ ದಿನಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಅಂತ ಸಮಯ ಕಟ್ಟಿದರು.

ಓಹಾಯೋ ಮೊದಲೇ ಊರುಗಳಿಗೆ ಬಾಗಿಲು ತೆರೆದಿಟ್ಟಿತು. ರಾಜ್ಯ ಕೊಟ್ಟ ದಿನಗಳನ್ನು ಊರು ಕಡಿಮೆ ಮಾಡಬಹುದು, ಪೂರ್ತಿ ಬೇಡ ಅನ್ನಲೂಬಹುದು. ಕೊಲಂಬಸ್, ಕ್ಲೀವ್‌ಲ್ಯಾಂಡ್, ಸಿನ್ಸಿನಾಟಿ, ಡೇಟನ್ ನಗರಗಳಲ್ಲಿ ನಿಷೇಧ ಉಳಿದಿದೆ. ಎಷ್ಟೋ ಸಣ್ಣ ಊರುಗಳೂ ಹಾಗೇ ಮಾಡಿವೆ. ‘ಓಹಾಯೋದಲ್ಲಿ ಲೀಗಲ್’ ಅಂತ ಅಂಗಡಿಯ ಬೋರ್ಡ್ ಹೇಳುವುದು ಸುಳ್ಳಲ್ಲ. ನಿಮ್ಮ ಹಿತ್ತಲಲ್ಲಿ ಲೀಗಲ್ ಅಂತ ಅದು ಹೇಳುತ್ತಿಲ್ಲ, ಅಷ್ಟೇ.

ಈಗ ದೀಪಾವಳಿ. ಓಹಾಯೋ ಕಾನೂನಿನ ಪಟ್ಟಿಯಲ್ಲಿ ಹೊಸ ವರ್ಷ, ಚೀನೀ ಹೊಸ ವರ್ಷ, ಜುಲೈ 4ರ ಜೊತೆಗೆ ದೀಪಾವಳಿಯ ಹೆಸರೂ ಇದೆ. ಮೊದಲ ಸಲ ಓದಿದಾಗ ಹೆಂಡತಿಯನ್ನು ಕರೆದು ತೋರಿಸಿದೆ. ನಮ್ಮ ಹಬ್ಬದ ಹೆಸರು ಒಂದು ಅಮೆರಿಕನ್ ರಾಜ್ಯದ ಕಾನೂನಿನಲ್ಲಿ! ಆದರೆ ಅದು ಒಂದೇ ದಿನ. ನರಕ ಚತುರ್ದಶಿಗೂ ಇಲ್ಲ, ಬಲಿಪಾಡ್ಯಮಿಗೂ ಇಲ್ಲ. 2024ರಲ್ಲಿ ಅಕ್ಟೋಬರ್ 31ಕ್ಕೋ ನವೆಂಬರ್ 1ಕ್ಕೋ ಅಂತ ನಮ್ಮವರಲ್ಲೇ ಗೊಂದಲ ಇತ್ತು. ಅಂಥ ವರ್ಷ ಮೊದಲೇ ಊರಿನ ಕಚೇರಿಯನ್ನು ಕೇಳಿ. ಮಿಷಿಗನ್ ಪಟ್ಟಿಯಲ್ಲಿ ದೀಪಾವಳಿ ಇಲ್ಲ, ಅಲ್ಲಿರುವ ನಮ್ಮವರು ಓಹಾಯೋ ನಿಯಮ ನಂಬಿಕೊಂಡು ಕೂರಬಾರದು.

2022ರ ಅಕ್ಟೋಬರ್ 24, ಸೋಮವಾರ. ಕಾನೂನು ಬಂದ ಮೇಲಿನ ಮೊದಲ ದೀಪಾವಳಿ. ನಿಷೇಧ ಇಲ್ಲದ ಟೌನ್‌ಶಿಪ್‌ನಲ್ಲಿರುವ (ನಗರದ ಗಡಿಯ ಹೊರಗಿನ, ತನ್ನದೇ ಆಡಳಿತ ಇರುವ ಪ್ರದೇಶ) ಗೆಳೆಯರ ಮನೆಗೆ ನಾಲ್ಕು ಕುಟುಂಬ ಸೇರಿದ್ದೆವು. ಒಂದು ಶಾಟ್ ಡಬ್ಬವನ್ನು ನಾನೇ ಹುಲ್ಲಿನ ಮೇಲೆ ಇಟ್ಟು ಹಚ್ಚಿದೆ. ನೆಲ ಮೆತ್ತಗಿತ್ತು. ಮೂರನೇ ಶಾಟ್‌ಗೆ ಡಬ್ಬ ವಾಲಿತು, ನಾಲ್ಕನೆಯದಕ್ಕೆ ಮಗುಚಿತು. ಉಳಿದವು ನೆಲದ ಮಟ್ಟದಲ್ಲಿ ಪಕ್ಕದ ಮನೆಯ ಮರದ ಬೇಲಿಗೆ ಹೋಗಿ ಬಡಿದವು. ಮಕ್ಕಳು ಆ ಕಡೆ ಇರಲಿಲ್ಲ, ಅದೊಂದೇ ಪುಣ್ಯ. ಬೇಲಿಯ ಎರಡು ಹಲಗೆ ಕಪ್ಪಾದವು. ಮರುದಿನ ಹೋಗಿ ಕ್ಷಮೆ ಕೇಳಿ, ಹಲಗೆ ಹಾಕಿಸಿಕೊಟ್ಟೆ. ಅವತ್ತಿನಿಂದ ನನ್ನ ಗ್ಯಾರೇಜಿನಲ್ಲಿ ಒಂದು ಪ್ಲೈವುಡ್ ತುಂಡು ಇದೆ, ನಾಲ್ಕು ಇಟ್ಟಿಗೆ ಇವೆ. ಡಬ್ಬ ಪ್ಲೈವುಡ್ ಮೇಲೆ, ಇಟ್ಟಿಗೆ ಸುತ್ತಲೂ. ಪಕ್ಕದಲ್ಲಿ ಎರಡು ಬಕೆಟ್ ನೀರು. 2024ರಲ್ಲಿ ಈ ದೇಶದಲ್ಲಿ ಪಟಾಕಿಯಿಂದ 11 ಜನ ಸತ್ತರು, ಸುಮಾರು 14,700 ಜನ ಗಾಯಗೊಂಡರು ಅಂತ ಗ್ರಾಹಕ ಸುರಕ್ಷತಾ ಆಯೋಗವೇ ಹೇಳಿದೆ. ಸುರಸುರಬತ್ತಿಯನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ, ಅದರ ತುದಿಯ ಬಿಸಿ ಸುಮಾರು 1,100 ಡಿಗ್ರಿ ಸೆಲ್ಸಿಯಸ್.

ನೀವು ಮಾಡಬೇಕಾದ್ದು ಹೇಳುತ್ತೇನೆ. ಮೊದಲು ನಿಮ್ಮ ಮನೆ ನಗರದ ಗಡಿಯೊಳಗಿದೆಯಾ, ಟೌನ್‌ಶಿಪ್‌ನಲ್ಲಿದೆಯಾ ಅಂತ ಕೌಂಟಿಯ ನಕ್ಷೆಯಲ್ಲಿ ನೋಡಿ. ಅಂಚೆ ವಿಳಾಸ ನಂಬಬೇಡಿ. ವಿಳಾಸದಲ್ಲಿ ಕೊಲಂಬಸ್ ಅಂತ ಇದ್ದು ಮನೆ ಟೌನ್‌ಶಿಪ್‌ನಲ್ಲಿ ಇರೋದು ಇಲ್ಲಿ ಮಾಮೂಲು. ಆಮೇಲೆ ಊರಿನ ಅಗ್ನಿಶಾಮಕ ಕಚೇರಿಗೆ ತುರ್ತು ಅಲ್ಲದ ನಂಬರ್‌ಗೆ ಫೋನ್ ಮಾಡಿ, ದೀಪಾವಳಿ ದಿನ ಹಚ್ಚಬಹುದಾ, ಎಷ್ಟು ಗಂಟೆವರೆಗೆ ಅಂತ ಕೇಳಿ. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆ ಬೇಕು, ಬೇರೆಯವರ ಜಾಗದಲ್ಲಿ ಒಪ್ಪಿಗೆ ಇಲ್ಲದೆ ಹಚ್ಚುವ ಹಾಗಿಲ್ಲ. ಬಡಾವಣೆಯ ಸಂಘದ ನಿಯಮವನ್ನೂ ಓದಿ. ಕುಡಿದವರ ಕೈಗೆ ಬತ್ತಿ ಕೊಡಬೇಡಿ, ಅದಕ್ಕೂ ಕಾನೂನು ಇದೆ. ಹಿಂದಿನ ದಿನ ಅಕ್ಕಪಕ್ಕದ ಮನೆಗಳಿಗೆ ಒಂದು ಡಬ್ಬಿ ಸಿಹಿ ಕೊಟ್ಟು, ನಾಳೆ ಏಳೂವರೆಯಿಂದ ಎಂಟೂವರೆ ತನಕ ಸದ್ದಾಗುತ್ತೆ ಅಂತ ಹೇಳಿ ಬನ್ನಿ. ನಮ್ಮ ಎದುರು ಮನೆಯವರು ಈಗ ಆ ಹೊತ್ತಿಗೆ ನಾಯಿಯನ್ನು ನೆಲಮಾಳಿಗೆಗೆ ಕರೆದೊಯ್ದು, ಟೀವಿ ಜೋರಾಗಿ ಹಾಕಿ, ತಾವು ಮಾತ್ರ ಕುರ್ಚಿ ತಂದುಕೊಂಡು ನಮ್ಮ ಜೊತೆ ಕೂರುತ್ತಾರೆ.